ಶಾಬ್ಲಿಯ ಹುಳಿ: ಕಲ್ಲಿನದೋ, ಚಳಿಯದೋ?

ಪ್ರಶ್ನೆ: ಶಾರ್ಡನೇ ದ್ರಾಕ್ಷಿಯ ವೈನ್ ಎಂದರೆ ಬೆಣ್ಣೆ, ವೆನಿಲಾ ಪರಿಮಳದ ಮಂದವಾದ ವೈನ್ ಎಂದುಕೊಂಡಿದ್ದೆ. ಈಚೆಗೆ ಫ್ರಾನ್ಸಿನ ಶಾಬ್ಲಿಯ ರುಚಿ ನೋಡಿದೆ. ಅದೂ ಶಾರ್ಡನೇ ದ್ರಾಕ್ಷಿಯದೇ ಅಂತೆ, ಆದರೆ ಹಸಿರು ಸೇಬು ಕಚ್ಚಿದಂತೆ ಹುಳಿಯಾಗಿ, ಚುರುಕಾಗಿತ್ತು. ಅಲ್ಲಿನ ನೆಲದಲ್ಲಿರುವ ಸಮುದ್ರದ ಚಿಪ್ಪುಗಳ ರುಚಿ ವೈನಿಗೆ ಇಳಿಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನೆಲದಲ್ಲಿ ಚಿಪ್ಪುಗಳಿರುವುದು ನಿಜ, ಅವುಗಳ ರುಚಿ ಬೇರಿನ ಮೂಲಕ ಲೋಟಕ್ಕೆ ಬರುತ್ತದೆ ಎಂಬುದು ನಿಜವಲ್ಲ. ನೀವು ಕಂಡ ಹುಳಿಗೆ ಮುಖ್ಯ ಕಾರಣ ಅಲ್ಲಿನ ಚಳಿ.

ಶಾಬ್ಲಿ ಎಂಬುದು ಊರಿನ ಹೆಸರು. ಪ್ಯಾರಿಸ್‌ನಿಂದ ಆಗ್ನೇಯಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿ, ಸೆರೆನ್ ಎಂಬ ಸಣ್ಣ ನದಿಯ ದಡದಲ್ಲಿ ಈ ಊರಿದೆ. ಲೆಕ್ಕಕ್ಕೆ ಅದು ಬರ್ಗಂಡಿ ಎಂಬ ವೈನ್ ಪ್ರಾಂತಕ್ಕೆ ಸೇರಿದ್ದರೂ, ಹವೆಯಲ್ಲಿ ಶಾಂಪೇನ್ ಪ್ರಾಂತಕ್ಕೇ ಹತ್ತಿರ. ದ್ರಾಕ್ಷಿಯಲ್ಲಿರುವ ಮ್ಯಾಲಿಕ್ ಆಮ್ಲ, ಅಂದರೆ ಸೇಬಿಗೆ ಹುಳಿ ಕೊಡುವ ಆಮ್ಲವೇ, ಬಿಸಿಲಿನ ನಾಡಿನಲ್ಲಿ ಹಣ್ಣು ಮಾಗುವಾಗ ಬೇಗ ಕರಗಿಹೋಗುತ್ತದೆ. ಶಾಬ್ಲಿಯಂಥ ತಂಪು ಜಾಗದಲ್ಲಿ ಸಕ್ಕರೆ ನಿಧಾನವಾಗಿ ತುಂಬುತ್ತದೆ, ಆಮ್ಲವೂ ಹೆಚ್ಚು ಉಳಿದುಕೊಳ್ಳುತ್ತದೆ. ಇನ್ನು ಬೆಣ್ಣೆಯ ವಾಸನೆ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳ ಕೆಲಸ, ವೆನಿಲಾ ಹೊಸ ಓಕ್ ಪೀಪಾಯಿಯ ಕೊಡುಗೆ. ಶಾಬ್ಲಿಯಲ್ಲಿಯೂ ಆ ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ ಅವಕಾಶ ಕೊಡುತ್ತಾರೆ, ಆದರೆ ಮೂಲದ ಹುಳಿ ಅಷ್ಟಿರುವುದರಿಂದ ವೈನ್ ಮಂದವಾಗುವುದಿಲ್ಲ. ಹೆಚ್ಚಿನದನ್ನು ಸ್ಟೀಲ್ ತೊಟ್ಟಿಗಳಲ್ಲಿಯೇ ಹುದುಗಿಸುವುದರಿಂದ ಮರದ ಪರಿಮಳವೂ ಸೇರುವುದಿಲ್ಲ.

ಇದೇ ಚಳಿ ಬೆಳೆಗಾರರ ನಿದ್ದೆಯನ್ನೂ ಕೆಡಿಸುತ್ತದೆ. ಏಪ್ರಿಲ್‌ನಲ್ಲಿ ಬಳ್ಳಿ ಚಿಗುರುವ ಹೊತ್ತಿಗೆ ಕಣಿವೆಯ ತಳದಲ್ಲಿ ಶೀತಗಾಳಿ ಮಡುಗಟ್ಟಿ, ಒಂದೇ ರಾತ್ರಿಯಲ್ಲಿ ಚಿಗುರು ಕರಕಲಾಗಿಬಿಡಬಹುದು. 2021ರ ಏಪ್ರಿಲ್‌ನಲ್ಲಿ ಹಾಗೆಯೇ ಆಯಿತು. ಇದಕ್ಕೆ ಅವರು ಸಾಲುಗಳ ನಡುವೆ ಪ್ಯಾರಾಫಿನ್ ದೀಪಗಳನ್ನು ಹಚ್ಚಿಡುತ್ತಾರೆ, ಇಲ್ಲವೇ ಬಳ್ಳಿಗಳ ಮೇಲೆ ರಾತ್ರಿಯಿಡೀ ನೀರು ಚಿಮುಕಿಸುತ್ತಾರೆ. ಹೆಪ್ಪುಗಟ್ಟಲೆಂದೇ ನೀರು ಹಾಕುವುದು ವಿಚಿತ್ರವೆನ್ನಿಸಬಹುದು, ಆದರೆ ನೀರು ಮಂಜುಗಡ್ಡೆಯಾಗುವಾಗ ಬಿಡುವ ಶಾಖ ಚಿಗುರನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಬೆಳಗಾಗುವಷ್ಟರಲ್ಲಿ ಗಾಜಿನ ಗವಸು ತೊಡಿಸಿದಂತೆ ಪ್ರತಿ ಚಿಗುರಿನ ಸುತ್ತ ಮಂಜುಗಡ್ಡೆ, ಒಳಗೆ ಹಸಿರು ಮೊಗ್ಗು. ನಡುವೆ ನೀರು ಚಿಮುಕಿಸುವುದು ನಿಂತರೆ ಮಾತ್ರ ಕೆಲಸ ಕೆಟ್ಟಿತು. 1950ರ ದಶಕದಲ್ಲಿ ಇಲ್ಲಿ ಉಳಿದಿದ್ದ ತೋಟ ಸುಮಾರು 500 ಹೆಕ್ಟೇರ್ ಮಾತ್ರ. ಈಗ 5,000ಕ್ಕೂ ಹೆಚ್ಚು. ಆ ಬೆಳವಣಿಗೆಯಲ್ಲಿ ಈ ಉಪಾಯಗಳ ಪಾಲು ದೊಡ್ಡದು.

ಈಗ ಚಿಪ್ಪಿನ ಮಾತು. ಇಲ್ಲಿನ ಇಳಿಜಾರುಗಳಲ್ಲಿರುವುದು ಸುಮಾರು 15 ಕೋಟಿ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಕೂಡಿದ ಸುಣ್ಣಕಲ್ಲು ಮತ್ತು ಸುಣ್ಣ ಬೆರೆತ ಜೇಡಿಮಣ್ಣು. ಇಂಗ್ಲೆಂಡಿನ ಕಿಮರಿಜ್ ಹಳ್ಳಿಯ ಹೆಸರಿನಿಂದ ಇದನ್ನು ಕಿಮರಿಜಿಯನ್ ಎನ್ನುತ್ತಾರೆ. ಒಂದು ಹೆಂಟೆ ಒಡೆದರೆ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ, ಉಗುರಿನಷ್ಟು ಚಿಕ್ಕ ಸಿಂಪಿಚಿಪ್ಪುಗಳು ಒತ್ತೊತ್ತಾಗಿ ಕಾಣುತ್ತವೆ. ಆದರೆ ಬೇರು ಹೀರುವುದು ನೀರಿನಲ್ಲಿ ಕರಗಿದ ಪೋಷಕಾಂಶಗಳನ್ನೇ ಹೊರತು ಕಲ್ಲಿನ ರುಚಿಯನ್ನಲ್ಲ. ಸುಣ್ಣಕಲ್ಲಿಗೆ ಹೇಳಿಕೊಳ್ಳುವಂಥ ರುಚಿಯೂ ಇಲ್ಲ. ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಈ ನಂಬಿಕೆಯನ್ನು ಬಹಳ ಕಾಲದಿಂದ ಅಲ್ಲಗಳೆಯುತ್ತ ಬಂದಿದ್ದಾರೆ. ಹಾಗೆಂದು ಮಣ್ಣು ನಗಣ್ಯವಲ್ಲ: ಹೆಚ್ಚಿನ ನೀರನ್ನು ಬಸಿದುಬಿಡುವ, ಬೇಸಿಗೆಗೆ ಬೇಕಾದಷ್ಟನ್ನು ಹಿಡಿದಿಡುವ ಅದರ ಗುಣದಿಂದ ಹಣ್ಣು ಹದವಾಗಿ ಮಾಗುತ್ತದೆ. ‘ಕಲ್ಲಿನ ರುಚಿ’ ಎಂಬುದನ್ನು ನಾನು ಉಪಮೆಯಾಗಿ ಒಪ್ಪುತ್ತೇನೆ, ವಿವರಣೆಯಾಗಿ ಅಲ್ಲ.

ಪ್ರಶ್ನೆ: ಪೆಟಿ ಶಾಬ್ಲಿ, ಗ್ರಾಂ ಕ್ರೂ ಎಂಬ ಹೆಸರುಗಳ ವ್ಯತ್ಯಾಸವೇನು?

ಉತ್ತರ: ತೋಟ ಇರುವ ಜಾಗದ ವ್ಯತ್ಯಾಸ. ಪೆಟಿ ಶಾಬ್ಲಿ ಬಹುತೇಕ ಮೇಲಿನ ಪ್ರಸ್ಥಭೂಮಿಯದು. ಹಗುರ, ಎಳೆಯದಾಗಿಯೇ ಕುಡಿಯುವಂಥದು. ದರ್ಜೆಯಲ್ಲಿ ಅದರ ಮೇಲೆ ಶಾಬ್ಲಿ, ಪ್ರೀಮಿಯೆ ಕ್ರೂ, ಕೊನೆಗೆ ಗ್ರಾಂ ಕ್ರೂ. ಈ ಕೊನೆಯದು ಊರಿನಿಂದ ಹೊಳೆಯಾಚೆ, ನೈಋತ್ಯಕ್ಕೆ ಮುಖಮಾಡಿದ ಒಂದೇ ಗುಡ್ಡದ ಮೇಲಿನ ಸುಮಾರು 100 ಹೆಕ್ಟೇರ್, ಲೆ ಕ್ಲೋ, ವಾಲ್ಮೂರ್ ಮುಂತಾದ 7 ತೋಟಗಳ ಹೆಸರಿನಲ್ಲಿ ಹಂಚಿಹೋಗಿದೆ. ಮಧ್ಯಾಹ್ನದ ಬಿಸಿಲು ಅಲ್ಲಿ ಹೆಚ್ಚು ಬೀಳುವುದರಿಂದ ಹಣ್ಣು ತುಂಬಿಕೊಳ್ಳುತ್ತದೆ, ವೈನ್ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಅಂಥದನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಹುಳಿಯೊಂದೇ ಸಿಗುತ್ತದೆ. 12 ಡಿಗ್ರಿಯವರೆಗೆ ಏರಲು ಬಿಡಿ.