ಹಿಟ್ ಇಲ್ಲದೆ ಬಂದ ರನ್

1965ರ ಸೆಪ್ಟೆಂಬರ್ 9ರಂದು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವು ಶಿಕಾಗೊ ಕಬ್ಸ್ ತಂಡವನ್ನು 1-0 ಅಂತರದಿಂದ ಸೋಲಿಸಿದ ಬೇಸ್‌ಬಾಲ್ ಪಂದ್ಯದಲ್ಲಿ ಹಿಟ್ (ಬ್ಯಾಟರ್ ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವುದು) ಇಲ್ಲದೆಯೇ ರನ್ ಹೇಗೆ ಬಂದಿತೆಂದು ತಾವು ಕೇಳಿದ್ದೀರಿ. ಐದನೆಯ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ಲೂ ಜಾನ್ಸನ್ ವಾಕ್ (ನಾಲ್ಕು ತಪ್ಪು ಎಸೆತಗಳಿಗೆ ಸಿಗುವ ಉಚಿತ ಬೇಸ್) ಪಡೆದು ಮೊದಲ ಬೇಸ್ ತಲುಪಿದರು. ರಾನ್ ಫೇರ್ಲಿಯವರ ಬಂಟ್‌ನಿಂದ (ಚೆಂಡನ್ನು ಮೆಲ್ಲಗೆ ತಟ್ಟುವ ಹೊಡೆತ) ಎರಡನೆಯದಕ್ಕೆ ಸರಿದು, ಮೂರನೆಯ ಬೇಸ್ ಕದಿಯಲು ಓಡಿದಾಗ ಕಬ್ಸ್‌ನ ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವರು) ಕ್ರಿಸ್ ಕ್ರುಗ್ ಎಸೆದ ಚೆಂಡು ಗುರಿ ತಪ್ಪಿ ಲೆಫ್ಟ್ ಫೀಲ್ಡ್‌ಗೆ ಹೋದುದರಿಂದ ಹೋಮ್ ಪ್ಲೇಟ್‌ವರೆಗೂ ಬಂದು ರನ್ ಗಳಿಸಿದರು. ಡಾಡ್ಜರ್ಸ್‌ನ ಪಿಚರ್ (ಚೆಂಡೆಸೆಯುವ ಆಟಗಾರ) ಸ್ಯಾಂಡಿ ಕೋಫ್ಯಾಕ್ಸ್ ಎದುರಾಳಿಯ 27 ಬ್ಯಾಟರ್‌ಗಳನ್ನೂ ಸಾಲಾಗಿ ಔಟ್ ಮಾಡಿದರು. ಅವರ 14 ಸ್ಟ್ರೈಕ್‌ಔಟ್‌ಗಳಲ್ಲಿ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್ ಔಟಾಗುವುದು) ಕೊನೆಯ ಆರು ಬ್ಯಾಟರ್‌ಗಳೂ ಸೇರಿದ್ದರು. ಆದರೆ ಏಳನೆಯ ಇನಿಂಗ್ಸ್‌ನಲ್ಲಿ ಜಾನ್ಸನ್‌ಗೆ ಒಂದೇ ಹಿಟ್ ಕೊಟ್ಟು, ಅದರಿಂದಲೂ ರನ್ ಬಿಡದ ಕಬ್ಸ್‌ನ ಪಿಚರ್ ಬಾಬ್ ಹೆಂಡ್ಲಿಯವರಿಗೂ ಅಷ್ಟೇ ಗೌರವ ಸಲ್ಲಬೇಕೆಂಬುದು ನನ್ನ ದೃಢ ಅಭಿಪ್ರಾಯ. ಐದೇ ದಿನಗಳಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾದಾಗ ಹೆಂಡ್ಲಿ 2-1ರಿಂದ ಗೆದ್ದರು.