ಜುಲೈ ಮಳೆಯಲ್ಲಿ ಚರ್ಚಿನ ಮಂದಿಯನ್ನು ಸಮುದ್ರಕ್ಕೆ ಕರ್ಕೊಂಡು ಹೋಗಬಹುದಾ?

ಹುಮನಾಬಾದಿನ ನಿಮ್ಮ ಸಭೆಯವರು ಒಂದು ಬಸ್ಸಿನಷ್ಟು ಮಂದಿ, ಸಣ್ಣ ಮಕ್ಕಳಿಂದ ಮುದುಕರ ತನಕ, ಜುಲೈನಲ್ಲಿ ಉಡುಪಿ ಹತ್ತಿರದ ಮಲ್ಪೆಗೆ ಹೋಗಬೇಕು ಅಂತಿದ್ದೀರಿ. ಮಳೆ ಅಡ್ಡಿಯಾಗುತ್ತದಾ ಅಂತ ಕೇಳಿದ್ದೀರಿ. ಬೀದರಿನ ನಮ್ಮ ಸಭೆಯವರ ಜೊತೆ ಇದೇ ಮಳೆಗಾಲದಲ್ಲಿ ಅಲ್ಲಿಗೆ ಹೋಗಿ ಬಂದಿದ್ದೇನೆ. ಹೋಗ್ರಿ, ಚೆನ್ನಾಗೇ ಇರುತ್ತದೆ. ನೀರಿಗೆ ಇಳಿಯುವ ಆಸೆ ಮಾತ್ರ ಊರಲ್ಲೇ ಬಿಟ್ಟು ಹೋಗ್ರಿ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಉಡುಪಿ ಕಡೆ ಜುಲೈ ಒಂದರಲ್ಲೇ ಸುರಿಯುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲೇ ನಿಂತಿರುತ್ತವೆ. ಸೇಂಟ್ ಮೇರಿಸ್ ದ್ವೀಪಕ್ಕೂ ಬೋಟ್ ಬಿಡುವುದಿಲ್ಲ. ಮಕ್ಕಳಿಗೆ ದ್ವೀಪ ತೋರಿಸ್ತೀವಿ ಅಂತ ಈಗಲೇ ಹೇಳಿಟ್ಟರೆ ಆಮೇಲೆ ಅಳು ನೀವೇ ಸಂಭಾಳಿಸಬೇಕು.

ನನಗೆ ಭಯ ಇರುವುದು ಈಜು ಬರದವರ ಬಗ್ಗೆ ಅಲ್ಲ, ಬರುವವರ ಬಗ್ಗೆ. ಬರದವರು ಅಲೆ ನೋಡಿಯೇ ಹಿಂದೆ ಸರಿಯುತ್ತಾರೆ; ಬಾವಿಯಲ್ಲಿ ಈಜಿ ಬೆಳೆದ ನಮ್ಮ ಹುಡುಗರು ಸರಿಯುವುದಿಲ್ಲ. ಬಾವಿಯ ನೀರು ಎಳೆಯುವುದಿಲ್ಲ, ಆ ಸಮುದ್ರ ಮೊಣಕಾಲಷ್ಟು ನೀರಲ್ಲೇ ಕಾಲಡಿಯ ಮರಳು ಕಿತ್ತು ಒಳಗೆ ಎಳೆಯುತ್ತದೆ. ಹಗ್ಗ ಕಟ್ಟಿದ್ದರೆ, ಕೆಂಪು ಬಾವುಟ ಇದ್ದರೆ ಅದರ ಈಚೆಗೇ ನಿಲ್ಲಬೇಕು. ಇದನ್ನು ಪಾಸ್ಟರ್ ಸಾಹೇಬರ ಬಾಯಿಂದಲೇ, ಬಸ್ ಹತ್ತುವ ಮುಂಚೆ ಹೇಳಿಸ್ರಿ.

ಇಳಿದುಕೊಳ್ಳಲು ಸಮುದ್ರ ಕಾಣುವ ರೂಮಿಗಿಂತ ದೊಡ್ಡ ಹಾಲ್ ಇರುವ ಜಾಗ ನೋಡ್ರಿ. ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋದ ಹಾಗೆ ಪಾತ್ರೆ, ಸ್ಟೌ, ಚಾಪೆ ಹೊತ್ತು ಹೋದರೂ ಅಲ್ಲಿ ಬಯಲಲ್ಲಿ ಒಲೆ ಹೂಡಲು ಬರುವುದಿಲ್ಲ. ಖಡಕ್ ರೊಟ್ಟಿ ಒಯ್ಯುವುದಾದರೆ ಮುಚ್ಚಳ ಬಿಗಿಯಾದ ಡಬ್ಬಿ ಬೇಕು. ನಮ್ಮ ಹೆಣ್ಣುಮಕ್ಕಳು ಬಟ್ಟೆಯಲ್ಲಿ ಕಟ್ಟಿ ತಂದಿದ್ದು ಮರುದಿನ ಮುರಿಯಲೂ ಬರದಷ್ಟು ಮೆತ್ತಗಾಗಿ, ಮತ್ತೆ ತವೆ ಮೇಲೆ ಹಾಕಬೇಕಾಯಿತು. ಡೋಲಕ್ಕಿನದೂ ಅದೇ ಕಥೆ: ತಂಪಿಗೆ ಚರ್ಮ ಸಡಿಲಾಗಿ ಡಬ್ಬ ಬಡಿದಂಥ ಸದ್ದು. ಬಾರಿಸುವವರು ಸ್ಟೌ ಮುಂದೆ ಕೂತು ಕಾಯಿಸಿ ಕಾಯಿಸಿ ಬಾರಿಸಿದರು. ಹೆಂಚಿನ ಮೇಲಿನ ಮಳೆ ಸದ್ದಿಗೆ ಅದೂ ಕೇಳದೆ ಕೊನೆಗೆ ಎಲ್ಲರೂ ಗಂಟಲು ಹರಿಯುವಂತೆ ಕೀರ್ತನೆ ಹಾಡಿದ್ದೇ ಆ ಪ್ರವಾಸದಲ್ಲಿ ನನಗೆ ಹಿಡಿಸಿದ್ದು. ಒಗೆದ ಬಟ್ಟೆ ಒಣಗುವುದಿಲ್ಲ, ಒಂದೊಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ರಿ.

ಮಳೆ ಬಿಡದ ದಿನ ಮಂಗಳೂರಿಗೆ ಹೋಗ್ರಿ, ಅರವತ್ತು ಕಿಲೋಮೀಟರ್ ಆಸುಪಾಸು. ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿ ತುಂಬ ಇಟಲಿಯ ಆಂಟೋನಿಯೋ ಮೊಸ್ಕೆನಿ 1899ರ ಸುಮಾರಿಗೆ ಬರೆದ ಚಿತ್ರಗಳಿವೆ. ಕುತ್ತಿಗೆ ನೋಯುವ ತನಕ ನೋಡಬಹುದು. ಬಲ್ಮಠದ ಕಡೆಯೂ ಹೋಗ್ರಿ, ಬಾಸೆಲ್ ಮಿಷನ್ನಿನವರು ನೆಲೆ ನಿಂತ ಜಾಗ. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾಗಿದ್ದು ಆ ಮಿಷನ್ನಿನ ಪ್ರೆಸ್ಸಿನಲ್ಲೇ.

ಇನ್ನು ದಾರಿ. ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಇಳಿಯುವುದಾದರೆ ಘಾಟು ಹಗಲಲ್ಲೇ ದಾಟ್ರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯಲ್ಲಿದ್ದವರೇ ಮಣ್ಣಡಿ ಹೋದರು, ರಸ್ತೆ ದಿನಗಟ್ಟಲೆ ಬಂದಾಗಿತ್ತು. ಹಿಂದಿನ ದಿನ ರೆಡ್ ಅಲರ್ಟ್ ಬಂದರೆ ಹುಬ್ಬಳ್ಳಿಯಲ್ಲೇ ತಂಗಬೇಕಾದೀತು ಅಂತ ಬಸ್ಸಿನವರ ಜೊತೆ ಮೊದಲೇ ಮಾತಾಡಿಕೊಳ್ರಿ, ಒಂದು ದಿನದ ಬಾಡಿಗೆ ಕೈಯಲ್ಲಿರಲಿ. ಮಕ್ಕಳಿಗೆ ದ್ವೀಪ ತೋರಿಸಲೇಬೇಕು ಅಂತಿದ್ದರೆ ಮಾತ್ರ ದಸರಾ ರಜೆಗೆ ಮುಂದೂಡ್ರಿ. ಆಗಲೂ ಬೋಟ್ ಶುರುವಾಗಿದೆಯಾ ಅಂತ ಫೋನ್ ಮಾಡಿ ಕೇಳಿಯೇ ಹೊರಡ್ರಿ.