ಗ್ರಾಮ್ ನೆಗೆಟಿವ್ ಎಂದರೆ ಸೋಂಕಿಲ್ಲವೆಂದು ಅರ್ಥವೇ?

ಪ್ರಶ್ನೆ: ತಾಯಿಗೆ ಉರಿಮೂತ್ರವೆಂದು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ‘ಗ್ರಾಮ್ ನೆಗೆಟಿವ್ ಬ್ಯಾಸಿಲೈ, ಇ. ಕೋಲೈ’ ಎಂದಿದೆ. ನೆಗೆಟಿವ್ ಎಂದಮೇಲೆ ಔಷಧಿ ಏಕೆ? ಮಗನ ಗಂಟಲುನೋವು ವಾಸಿಯಾದ ಅಮಾಕ್ಸಿಸಿಲಿನ್ ಮನೆಯಲ್ಲಿ ಉಳಿದಿತ್ತು. ಆದರೂ ವೈದ್ಯರು ಬೇರೆ ಮಾತ್ರೆ ಬರೆದರು. ಎರಡೂ ಬ್ಯಾಕ್ಟೀರಿಯಾ ತಾನೆ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ತಾಯಿಗೆ ಸೋಂಕು ಇದೆ. ‘ಬ್ಯಾಸಿಲೈ’ ಎಂದರೆ ಕಡ್ಡಿಯಾಕಾರದ ಬ್ಯಾಕ್ಟೀರಿಯಾ, ‘ಇ. ಕೋಲೈ’ ಅದರ ಹೆಸರು. ವರದಿಯ ‘ನೆಗೆಟಿವ್’ ಒಂದು ಬಣ್ಣದ ಪರೀಕ್ಷೆಗೆ ಸೇರಿದ ಮಾತು. ಅದನ್ನು 1884ರಲ್ಲಿ ಪ್ರಕಟಿಸಿದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅವರ ಹೆಸರೇ ‘ಗ್ರಾಮ್’. ಮನೆಯ ಮೊಸರಿನ ಹನಿಯೊಂದನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಕ್ರಿಸ್ಟಲ್ ವಯಲೆಟ್ ಎಂಬ ನೇರಳೆ ಬಣ್ಣವನ್ನೂ ಆಮೇಲೆ ಅಯೋಡಿನ್ ದ್ರಾವಣವನ್ನೂ ಹಾಕಿ ಆಲ್ಕೋಹಾಲಿನಿಂದ ತೊಳೆದರೆ, ಮೊಸರಿನ ಬ್ಯಾಕ್ಟೀರಿಯಾಗಳು ನೇರಳೆಯಾಗಿಯೇ ಉಳಿಯುತ್ತವೆ. ಇ. ಕೋಲೈ ಅಷ್ಟಕ್ಕೇ ಬಣ್ಣ ಕಳೆದುಕೊಂಡು, ಕೊನೆಯಲ್ಲಿ ಹಾಕುವ ಕೆಂಪು ಬಣ್ಣವಾದ ಸಾಫ್ರನಿನ್‌ನಿಂದ ನಸುಗೆಂಪಾಗುತ್ತದೆ. ಬಣ್ಣ ಹಿಡಿದಿಟ್ಟುಕೊಂಡದ್ದು ಪಾಸಿಟಿವ್, ಬಿಟ್ಟದ್ದು ನೆಗೆಟಿವ್. ಈ ವ್ಯತ್ಯಾಸಕ್ಕೆ ಕಾರಣ ಅವುಗಳ ಕೋಶಭಿತ್ತಿ.

ಬ್ಯಾಕ್ಟೀರಿಯಾದ ಒಳಗೆ ಲವಣ, ಪ್ರೋಟೀನು ಮುಂತಾದವು ಒತ್ತಾಗಿ ತುಂಬಿರುವುದರಿಂದ ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ. ಕೆಲವು ಗ್ರಾಮ್ ಪಾಸಿಟಿವ್ ಜೀವಿಗಳಲ್ಲಿ ಹೀಗೆ ಉಂಟಾಗುವ ಒತ್ತಡ ಕಾರಿನ ಟೈರಿನಲ್ಲಿರುವುದರ ಸುಮಾರು ಹತ್ತರಷ್ಟು. ಪೊರೆಯೊಂದೇ ಇದ್ದಿದ್ದರೆ ಜೀವಿ ಒಡೆದುಹೋಗುತ್ತಿತ್ತು. ಅದನ್ನು ತಡೆಯುವುದು ಪೆಪ್ಟಿಡೋಗ್ಲೈಕಾನ್ ಎಂಬ ಬಲೆ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರಾದ ನಿಮಗೆ ಹಾಸು ಹೊಕ್ಕುಗಳನ್ನು ವಿವರಿಸಬೇಕಿಲ್ಲ. ಎರಡು ಬಗೆಯ ಸಕ್ಕರೆ ಘಟಕಗಳು ಒಂದು ಬಿಟ್ಟು ಒಂದರಂತೆ ಪೋಣಿಸಿಕೊಂಡ ಉದ್ದನೆಯ ಎಳೆಗಳು ಇಲ್ಲಿ ಹಾಸು. ಅವುಗಳನ್ನು ಅಡ್ಡಲಾಗಿ ಬಿಗಿಯುವ ಅಮೈನೊ ಆಮ್ಲಗಳ ಗಿಡ್ಡ ಸರಪಣಿಗಳು ಹೊಕ್ಕು. ಜೀವಿ ಬೆಳೆಯುವಾಗಲೆಲ್ಲ ಈ ನೇಯ್ಗೆಯನ್ನು ಅಲ್ಲಲ್ಲಿ ಕತ್ತರಿಸಿ, ಹೊಸ ಎಳೆ ಸೇರಿಸಿ, ಮತ್ತೆ ಬಿಗಿಯಬೇಕಾಗುತ್ತದೆ. ಪೆನಿಸಿಲಿನ್ ಕುಟುಂಬದ ಅಮಾಕ್ಸಿಸಿಲಿನ್, ಹೊಕ್ಕು ಬಿಗಿಯುವ ಕಿಣ್ವಕ್ಕೇ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕತ್ತರಿಸುವ ಕೆಲಸ ಮಾತ್ರ ಮುಂದುವರಿದು, ಸಡಿಲವಾದ ಜಾಗದಲ್ಲಿ ಪೊರೆ ಉಬ್ಬಿ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಈ ಭಿತ್ತಿಯೇ ಇಲ್ಲದ್ದರಿಂದ, ಅಲರ್ಜಿಯ ಮಾತು ಬೇರೆ, ಔಷಧಿ ಅವುಗಳ ಗೋಜಿಗೆ ಹೋಗುವುದಿಲ್ಲ.

ಗಂಟಲನ್ನು ಕಾಡುವ ಸ್ಟ್ರೆಪ್ಟೋಕಾಕಸ್ ಗ್ರಾಮ್ ಪಾಸಿಟಿವ್. ಅದರ ಬಲೆ ಹಲವು ಪದರಗಳಷ್ಟು ದಪ್ಪ. ಆಲ್ಕೋಹಾಲ್ ತಾಗಿದಾಗ ಬಿಗಿದುಕೊಂಡು ಬಣ್ಣವನ್ನು ಒಳಗೇ ಹಿಡಿದಿಡುತ್ತದೆ. ಆದರೂ ಹೊರಪೊರೆಯ ಅಡ್ಡಿಯಿಲ್ಲದ ಕಾರಣ ಔಷಧಿ ಸಲೀಸಾಗಿ ಒಳಸೇರುತ್ತದೆ. ಇ. ಕೋಲೈಯ ಬಲೆ ಕೆಲವೇ ನ್ಯಾನೊಮೀಟರ್ ತೆಳು, ಆದರೆ ಅದರ ಮೇಲೆ ಇನ್ನೊಂದು ಪೊರೆಯಿದೆ. ಆ ಹೊರಪೊರೆಯಲ್ಲಿ ಪೋರಿನ್ ಎಂಬ ಪ್ರೋಟೀನುಗಳ ಕಿರಿದಾದ ರಂಧ್ರಗಳಿವೆ. ವ್ಯಾಂಕೊಮೈಸಿನ್‌ನಂಥ ಔಷಧಿಯ ದೊಡ್ಡ ಅಣು ಅವುಗಳಲ್ಲಿ ನುಸುಳಲಾರದು. ಅಮಾಕ್ಸಿಸಿಲಿನ್ ನುಸುಳುತ್ತದೆ, ನಿಜ. ಆದರೆ ಎರಡು ಪೊರೆಗಳ ನಡುವಿನ ಜಾಗದಲ್ಲಿ ಅನೇಕ ಇ. ಕೋಲೈ ತಳಿಗಳು ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಇಟ್ಟುಕೊಂಡು, ಬಂದ ಔಷಧಿಯನ್ನು ಗುರಿ ಮುಟ್ಟುವ ಮೊದಲೇ ಮುರಿದುಹಾಕುತ್ತವೆ. ವರದಿಯ ಔಷಧಿಪಟ್ಟಿಯನ್ನು ಇನ್ನೊಮ್ಮೆ ನೋಡಿ. ‘ಎಸ್’ ಎಂದಿರುವವು ಆ ತಳಿಗೆ ನಾಟುವಂಥವು, ‘ಆರ್’ ಎಂದಿರುವವು ನಾಟದವು. ವೈದ್ಯರು ಅದನ್ನು ನೋಡಿಯೇ ಬರೆದಿರುತ್ತಾರೆ.

ಮಗನ ಮಾತ್ರೆ ಮನೆಯಲ್ಲಿ ಉಳಿದಿದೆಯೆಂಬುದು ನನಗೆ ಕಳವಳ ತಂದಿದೆ. ಹೇಳಿದಷ್ಟು ದಿನ ಅವನಿಗೆ ಕೊಟ್ಟಿರಾ ಎಂದು ದಯವಿಟ್ಟು ಲೆಕ್ಕ ಹಾಕಿ, ಕೊಟ್ಟಿಲ್ಲವಾದರೆ ವೈದ್ಯರಿಗೆ ತಿಳಿಸಿ. ತಾಯಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ: ಗ್ರಾಮ್ ನೆಗೆಟಿವ್ ಜೀವಿಗಳ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತು ರಕ್ತದಲ್ಲಿ ಸೇರಿದರೆ ಜ್ವರ ಏರುತ್ತದೆ, ರಕ್ತದೊತ್ತಡವೂ ಕುಸಿಯಬಹುದು. ಆದ್ದರಿಂದ ನಡುಕದ ಜ್ವರ, ಪಕ್ಕೆನೋವು, ಮಂಪರು ಕಾಣಿಸಿದರೆ ಮಾತ್ರೆ ಮುಗಿಯಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.